ಅಜ್ಜಿಯ ನೆತ್ತಿಯ ಮೇಲೆ ಬಿದ್ದ ಹಲ್ಲಿ

ಹೋದ ವಾರ ದಾಂಡೇಲಿಯಲ್ಲಿ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವರು ಟ್ಯೂಬಿಗೆ ಸೊಲ್ಯೂಷನ್ ಸವರಿದಾಗ ಆ ಘಾಟು ಮೂಗಿಗೆ ಬಡಿಯಿತು. ಕೂತಲ್ಲೇ ಹಳಿಯಾಳದ ಆ ಪಡಸಾಲೆ ನೆನಪಾಯಿತು, ಅದರ ಹಿಂದೆಯೇ ಆ ಮನೆಯ ಅಜ್ಜಿ…

ಇಂಜಿನಿಯರಿಂಗ್ ಓದುವಾಗ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಗೋಡೆ ಹತ್ತುವ ಹಲ್ಲಿ ರೋಬೊ ಮಾಡುತ್ತಿದ್ದೆ. ಹಲ್ಲಿಗೆ ಅಂಟು ಬೇಡ; ಪಾದದಡಿಯ ಕಣ್ಣಿಗೆ ಕಾಣದ ಕೂದಲುಗಳೇ ಗೋಡೆಯನ್ನು ಹಿಡಿಯುತ್ತವೆ. ಹಾಗೆಯೇ ಇರಲೆಂದು ಸಣ್ಣ ಗೆರೆಗಳ ರಬ್ಬರ್ ಪಾದಗಳನ್ನು ಮಾಡಿ, ಸೊಲ್ಯೂಷನ್ ಹಚ್ಚಿ ಕಾಲುಗಳಿಗೆ ಕೂಡಿಸಿದ್ದೆ. ಪಡಸಾಲೆಯ ಆಯಿಲ್ ಪೇಂಟಿನ ಗೋಡೆಯೇ ನನ್ನ ಪ್ರಯೋಗಶಾಲೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೋಡೆಯ ಮೇಲೆ ಬೂದು ಬಣ್ಣದ್ದೇನೋ ಹರಿದಾಡುವುದಷ್ಟೇ ಅವರಿಗೆ ಕಾಣುತ್ತಿತ್ತು. ಥೇಟ್ ಹಲ್ಲಿಯೇ ಎಂದು ನಾನೂ ಅವರ ಮುಂದೆ ಕೊಚ್ಚಿಕೊಂಡಿದ್ದೆ.

ಆಪರೇಷನ್ನಿಗೆಂದು ಅವರನ್ನು ಹುಬ್ಬಳ್ಳಿಗೆ ಕರೆದೊಯ್ಯಬೇಕಿದ್ದ ವಾರವೇ ಆ ಹಲ್ಲಿ ಗೋಡೆ ಬಿಟ್ಟು ಅವರ ನಡುನೆತ್ತಿಯ ಮೇಲೆ ಬಿತ್ತು. ಪೆಟ್ಟೇನೂ ಆಗಲಿಲ್ಲ. ಆದರೆ ತಲೆಯ ಮೇಲೆ ಹಲ್ಲಿ ಬಿದ್ದರೆ ಕೇಡು. ಅಜ್ಜಿ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಹುಬ್ಬಳ್ಳಿಗೆ ಬರುವುದಿಲ್ಲವೆಂದು ಕುಳಿತುಬಿಟ್ಟರು. ಪೊರೆ ಬಲಿತಿದೆ, ತಡ ಮಾಡಿದರೆ ದೃಷ್ಟಿಯೇ ಹೋಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಿದ್ದದ್ದು ಜೀವವಿಲ್ಲದ ಯಂತ್ರ ಎಂದು ಪರಿಪರಿಯಾಗಿ ಹೇಳಿದೆ.

“ಥೇಟ್ ಹಲ್ಲಿ ಅಂದಾಕಿ ನೀನ. ಈಗ ಯಂತ್ರ ಅಂತೀಯಲ್ಲ ಯವ್ವಾ,” ಎಂದರು.

ಕಡೆಗೆ ದಾರಿಯನ್ನೂ ಅವರೇ ತೋರಿಸಿದರು. “ಬೀಳಲಾರದಂಗ ಒಮ್ಮೆ ಮ್ಯಾಲಿನ ತನಕ ಹತ್ತಿಸು. ಆಮ್ಯಾಲ ಬರ್ತೇನಿ.”

ಅಡುಗೆಮನೆಯ ಟ್ಯೂಬ್‌ಲೈಟಿನ ಪಕ್ಕ ಹುಳಕ್ಕೆ ಹೊಂಚು ಹಾಕುವ ನಿಜವಾದ ಹಲ್ಲಿಯನ್ನು ಕುರ್ಚಿ ಹತ್ತಿ ನೋಡುತ್ತ ನಿಂತೆ. ಅದು ಕಾಲನ್ನು ಕಿತ್ತು ತೆಗೆಯುವುದಿಲ್ಲ. ಬೆರಳ ತುದಿಯನ್ನು ಮೇಲಕ್ಕೆ ಮಡಿಸಿ, ಹಣೆಯ ಟಿಕಳಿ ಬಿಡಿಸುವ ಹಾಗೆ ಮೆಲ್ಲಗೆ ಬಿಡಿಸುತ್ತದೆ. ನನ್ನದು ಜಗ್ಗಿ ಕೀಳುತ್ತಿತ್ತು, ಆ ಎಳೆತಕ್ಕೆ ಉಳಿದ ಕಾಲುಗಳೂ ಸಡಿಲವಾಗುತ್ತಿದ್ದವು. ರಬ್ಬರ್ ಪಾದದ ತುದಿಯೂ ಹಾಗೆಯೇ ಮಡಚುವಂತೆ ಪಾದಕ್ಕೊಂದು ನೂಲು ಕಟ್ಟಿದೆ.

ಅಜ್ಜಿ ಗೋಡೆಯ ಬಳಿ ಬಂದು ಕತ್ತೆತ್ತಿ ನಿಂತರು. ಹಲ್ಲಿ ಗುಂಯ್‌ಗುಡುತ್ತ ಜಂತಿಯ ತನಕ ಹತ್ತಿ ಅಲ್ಲೇ ಕಚ್ಚಿಕೊಂಡಿತು. ಅವರು ಚೀಲ ತರಲು ಒಳಗೆ ಹೋದರು.

ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದವರೇ ಹಲ್ಲಿಯನ್ನು ಕೇಳಿದರು. ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದರು. ತಗಡು, ವೈರು, ರಬ್ಬರು…

“ಇದಕ್ಕ ಅಂಜಿದ್ನೇನ ನಾನು? ಖರೇ ಹಲ್ಲಿ ನೋಡಿದ್ರ ನಾಚ್ಕೋತೈತಿ.”

ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದರೂ ನಕ್ಕೂ ನಕ್ಕೂ ಅವರ ಕಣ್ಣು ತುಂಬಿತು.

ನಾನು ಇಂದಿಗೂ ಇದೇ ಕೆಲಸದಲ್ಲಿದ್ದೇನೆ. ಈಗಿನವು ಗಾಜಿನ ಮೇಲೂ ಸರಾಗವಾಗಿ ಓಡುತ್ತವೆ. ತೋರಿಸೋಣವೆಂದರೆ ಅಜ್ಜಿ ಇಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು… ಸ್ಕೂಟರ್ ಸಿದ್ಧವಾಯಿತು. ಹಳಿಯಾಳದ ಕಡೆ ತಿರುಗಿಸುವ ಮನಸ್ಸಾಯಿತು. ಆದರೆ ಅಲ್ಲಿ ಈಗ ಯಾರ ಮನೆಗೆ ಹೋಗಲಿ?