ಒಲ್ಲೆ ಎನ್ನಲು ಬಾರದ ಬೇಸಿಗೆ

ಬಿ.ಎ. ಮುಗಿಸಿ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬಂದ ಮೇಲೆ ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ರೇಷ್ಮೆ ನೂಲಿನ ವ್ಯಾಪಾರಿ. ಯಳಂದೂರಿನ ಜಮೀನುದಾರರ ಮನೆಯಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗನನ್ನು ಒಂದು ಸಲ ನೋಡಿದ್ದೆ, ಕೆಟ್ಟವನೇನಲ್ಲ. ಆದರೆ ಸೊಸೆ ಹೊರಗೆ ಹೋಗಿ ದುಡಿಯುವುದು ತಮ್ಮ ಮನೆಗೆ ಒಗ್ಗುವುದಿಲ್ಲವೆಂದು ಅವನ ತಾಯಿ ಮೊದಲೇ ಹೇಳಿದ್ದರು. ನನಗೋ ಟೀಚರಾಗುವ ಆಸೆ. ಅಪ್ಪ ಕೇಳಿದಾಗಲೆಲ್ಲ “ನೋಡಾಣ” ಅನ್ನುತ್ತಿದ್ದೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡರು.

ಆ ಹೊತ್ತಿಗೆ ಕಾಲೇಜಿನಲ್ಲಿ ನಮಗೆ ಕನ್ನಡ ಕಲಿಸಿದ್ದ ಮೇಡಂ ಊರಿಗೆ ಬಂದರು. ಅವರು ಭಾಷಾಶಾಸ್ತ್ರ ಓದಲು ಪರದೇಶಕ್ಕೆ ಹೋಗಿದ್ದಾಗ ಆಫ್ರಿಕಾದ ಸೆನೆಗಲ್‌ನಿಂದ ಬಂದ ಸಹಪಾಠಿಯೊಬ್ಬಳಿಂದ ವೊಲೊಫ್ ಎಂಬ ಭಾಷೆ ಕಲಿತಿದ್ದರು. ಆ ಭಾಷೆಯಲ್ಲಿ ‘ಇಲ್ಲ’ ಎಂದು ಹೇಳುವ ಬಗೆಯನ್ನು ನಮ್ಮ ಕಡೆಯ ಮಾತಿನ ಜೊತೆ ಇಟ್ಟು ನೋಡುವುದು ಅವರ ಕೆಲಸ. ಹಳ್ಳಿಯ ಹೆಂಗಸರನ್ನು ಮಾತಾಡಿಸಲು ಜೊತೆಗೊಬ್ಬಳು ಬೇಕಿತ್ತು, ನನ್ನನ್ನು ಕರೆದರು. ಅಪ್ಪ ಹದಿನೈದು ದಿನಕ್ಕೆಂದು ಒಪ್ಪಿದರು.

ಬಸ್ಸಿನಲ್ಲಿ ಮೇಡಂ ನನಗೆ ಪಾಠ ಹೇಳುತ್ತಿದ್ದರು. ವೊಲೊಫಿನಲ್ಲಿ ‘ದೆಮ್’ ಅಂದರೆ ಹೋಗು. ‘ದೆಮುಮ’ ಅಂದರೆ ನಾನು ಹೋಗಲಿಲ್ಲ, ‘ದೆಮುಲ್’ ಅಂದರೆ ಅವನು ಹೋಗಲಿಲ್ಲ. ‘ಇಲ್ಲ’ವೂ ಹೋಗದವರು ಯಾರೆಂಬುದೂ ಕ್ರಿಯಾಪದದ ಬಾಲದಲ್ಲೇ ಇರುತ್ತವೆ, ನಮ್ಮ ಹಳೆಯ ‘ಹೋಗೆನು’, ‘ಹೋಗನು’ಗಳ ಹಾಗೆ. ಮುಂದೆಯೂ ನಾನು ಹೋಗುವುದಿಲ್ಲ ಅನ್ನಬೇಕಾದರೆ ಮಾತ್ರ ಆ ನಿರಾಕರಣೆ ಕ್ರಿಯಾಪದಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ: ‘ದುಮಾ ದೆಮ್’. ಕಿಟಕಿಗೆ ಮುಖ ಮಾಡಿ ನಾನು ಅದನ್ನೇ ಹೇಳಿಕೊಂಡೆ. ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳುವುದು ಸಲೀಸಾಗಿತ್ತು.

ಶಾಗ್ಯ ಅನ್ನೋ ಹಳ್ಳಿಯ ಕೆಲಸ ಮುಗಿಸಿ ಅಜ್ಜೀಪುರಕ್ಕೆ ಹೋದ ದಿನ, ಹುಣಸೆಮರದ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಒಬ್ಬ ಮುದುಕಿ ಸಿಕ್ಕಿದಳು, ಕೂಲಿ ಮಾಡುವವಳು. ನಾನು ಹೋಗುವುದಿಲ್ಲ ಅನ್ನೋದನ್ನ ನೀವು ಹೇಗೆ ಹೇಳ್ತೀರಿ ಅಂತ ಕೇಳಿದೆ.

“ಯಾರ್ಗೆ ಯೋಳ್ಬೇಕು? ಮೊದ್ಲು ಅದ ಯೋಳವ್ವ” ಅಂದಳು.

ಗಂಡನಿಗಾದರೆ ‘ಓಗಕಿಲ್ಲ’ ಅನ್ನುತ್ತಿದ್ದಳಂತೆ. ಬೆಟ್ಟದಾಚೆಯಿಂದ ಬರುವ ತಮಿಳು ವ್ಯಾಪಾರಿಗಾದರೆ ‘ಮಾಟ್ಟೇನ್’. ಜಮೀನಿನ ಯಜಮಾನರಿಗೆ? “ಆಯ್ತು ಬುದ್ಧಿ ಅಂತೀನಿ. ಆಮೇಕೆ ಓಗಕಿಲ್ಲ.”

ಮೇಡಂ ಖುಷಿಯಿಂದ ಬರೆದುಕೊಂಡರು. ಮುದುಕಿ ನನ್ನ ಕಡೆ ತಿರುಗಿ ಮದುವೆಯಾಗಿದೆಯಾ ಅಂತ ವಿಚಾರಿಸಿದಳು. ಸಂಬಂಧ ಬಂದಿದೆ, ಮನಸ್ಸಿಲ್ಲ, ಮನೆಯಲ್ಲಿ ‘ನೋಡಾಣ’ ಅಂದಿದ್ದೀನಿ ಅಂದೆ. ಅವಳು ಕೈ ನಿಲ್ಲಿಸಿದಳು.

“ಅದೂ ನನ್ ‘ಆಯ್ತು ಬುದ್ಧಿ’ಯಂಗೇ ಆಯ್ತಲ್ಲ ಕೂಸು. ನಾ ಕೂಲಿಯವ್ಳು, ಬಾಯ್ಬುಟ್ಟು ಅಂದ್ರೆ ನಾಳ್ಕೆ ಕೆಲ್ಸ ಇಲ್ಲ. ನಿಂಗೇನಾಗದೆ?”

ವಾಪಸು ಬರುವ ಬಸ್ಸಿನಲ್ಲಿ ಹನೂರು ದಾಟುವವರೆಗೂ ಮೇಡಂ ಏನೇನೋ ಹೇಳುತ್ತಿದ್ದರು, ಒಂದೂ ಕಿವಿಗೆ ಬೀಳಲಿಲ್ಲ. ಕೈಯಲ್ಲಿದ್ದ ಪುಸ್ತಕ ತೆರೆದೆ, ಮುಚ್ಚಿದೆ. ಮುಂದಿನ ಸೋಮವಾರ ಯಳಂದೂರಿನವರು ಮಾತು ಮುಗಿಸಲು ಬರುವವರಿದ್ದರು. ಕೊಳ್ಳೇಗಾಲದಲ್ಲಿ ಬಸ್ಸು ಇಳಿದವಳು ಮನೆಗೆ ಹೋಗದೆ ನೇರ ಅಪ್ಪನ ಅಂಗಡಿಗೆ ಹೋದೆ. ಅಪ್ಪ ಒಬ್ಬರೇ ನೂಲಿನ ಲಡಿ ಬಿಡಿಸುತ್ತ ಕೂತಿದ್ದರು.

“ಅಪ್ಪ, ನಾ ಯಳಂದೂರಿಗೆ ಹೋಗಲ್ಲ. ಆ ಸಂಬಂಧ ಬೇಡ.”

ಅವರು ತಲೆಯೆತ್ತಿದರು. “ನೋಡಾಣ ಅಂದಿದ್ದಲ್ಲ?”

“ಆಗಲೂ ಬೇಡ ಅಂತಲೇ ಇತ್ತು. ಹೇಳಕ್ಕೆ ಬರ್ಲಿಲ್ಲ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಲಡಿಯನ್ನು ಕಟ್ಟಿ ಪಕ್ಕಕ್ಕಿಟ್ಟು, ಮನೆಗೆ ಹೋಗು ಅಂತ ಕೈ ಮಾಡಿದರು. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ತಾವೇ ಯಳಂದೂರಿಗೆ ಹೊರಟರು. ಅವರು ವಾಪಸು ಬರುವವರೆಗೂ ನಾನು ಹಿತ್ತಲಿಗೂ ಬೀದಿಬಾಗಿಲಿಗೂ ಓಡಾಡಿದೆ. ಬಂದವರು ಊಟ ಮಾಡದೆ ಮಲಗಿದರು. ಅಲ್ಲಿ ಏನು ಹೇಳಿದರೆಂದು ಅವ್ವನಿಂದ ತಿಳಿಯಿತು. ಮಗಳಿಗೆ ಇಷ್ಟವಿಲ್ಲ ಅನ್ನಲು ಅವರಿಗೂ ನಾಲಗೆ ಏಳಲಿಲ್ಲವಂತೆ. ನಕ್ಷತ್ರ ಕೂಡಿ ಬರಲಿಲ್ಲ ಅಂದರಂತೆ. ಅದನ್ನು ಕೇಳಿ ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಮಳೆಗಾಲ ಹಿಡಿಯುವವರೆಗೂ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಬೇಕಾದ್ದನ್ನು ಅವ್ವನ ಮೂಲಕ ಕೇಳುತ್ತಿದ್ದರು. ಅಷ್ಟರಲ್ಲಿ ಹನೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಒಂದು ಕೋಣೆ ಗೊತ್ತು ಮಾಡಿಕೊಂಡೆ. ಹೊರಡುವ ದಿನ ನನ್ನ ಟ್ರಂಕನ್ನು ಅಪ್ಪನೇ ಹೊತ್ತು ತಂದು ಬಸ್ಸಿನೊಳಗೆ ಇಟ್ಟರು. ಕೆಳಗಿಳಿದು ಕಿಟಕಿಯ ಹತ್ತಿರ ನಿಂತು, ಮಡಿಸಿದ ಟವೆಲನ್ನು ಇನ್ನೊಂದು ಸಲ ಮಡಿಸಿದರು.

“ಊಟಕ್ಕೆ ಏನ್ ಮಾಡ್ಕತೀಯ?” ಅಂದರು.

ಸೀಮೆಎಣ್ಣೆ ಸ್ಟೌ ಇದೆ, ನಾನೇ ಬೇಯಿಸಿಕೊಳ್ಳುತ್ತೇನೆ ಅಂದೆ. ಭಾನುವಾರ ಬರ್ತೀಯಾ ಅಂತ ಕೇಳಿದರು. ಬರ್ತೀನಿ ಅಂದೆ.