ಖಾಲಿ ಮೊಳೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಪಾತ್ರೆಗಳು ಯಾರೂ ಮುಟ್ಟದೆ ತಾವಾಗಿಯೇ ಗಲಗಲ ಅನ್ನುತ್ತಿದ್ದವು. ದೆವ್ವದ ಕಾಟ ಅಂದುಕೊಳ್ಳಬೇಡಿ. ನಮ್ಮ ಮನೆ ಇದ್ದದ್ದು ಊರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ. ನಾವು ಮಲಗುವ ನೆಲದ ಕೆಳಗೆ, ಬಹಳ ಆಳದಲ್ಲಿ, ಅಪ್ಪನಂಥವರು ಬಂಡೆ ಕೊರೆಯುತ್ತಿದ್ದರು. ಒಮ್ಮೊಮ್ಮೆ ಆ ಬಂಡೆ ಹೇಳದೆ ಕೇಳದೆ ಸಿಡಿಯುತ್ತಿತ್ತು. ಆಗ ಮೇಲೆ ನೆಲ ಅದುರಿ ತಟ್ಟೆ ಲೋಟಗಳು ಕುಣಿಯುತ್ತಿದ್ದವು. ಅಮ್ಮ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದಳು. ಲೈನಿನ ಹೆಂಗಸರೆಲ್ಲ ಓಡುತ್ತಿದ್ದರು. ಆ ಗಲಗಲ ಸದ್ದು ನಿಲ್ಲಲಿ ಎಂದು ನಾನು ತಟ್ಟೆ ಲೋಟಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ.

ಗಣಿಯ ಬಾಯಿಯ ಪಕ್ಕದಲ್ಲಿ ಒಂದು ಕೋಣೆ ಇತ್ತು. ಅದರ ಗೋಡೆಗೆ ದೊಡ್ಡ ಹಲಗೆ, ಹಲಗೆಯ ತುಂಬ ಮೊಳೆಗಳು, ಒಂದೊಂದು ಮೊಳೆಯಲ್ಲೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ. ಕೆಳಗೆ ಇಳಿಯುವವನು ತನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಇಳಿಯಬೇಕು. ಮೇಲೆ ಬಂದ ಕೂಡಲೇ ಅದನ್ನು ಅದೇ ಮೊಳೆಗೆ ತಗುಲಿಹಾಕಬೇಕು. ಮೊಳೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಭೂಮಿಯೊಳಗೇ ಇದ್ದಾನೆ ಎಂದರ್ಥ. ಯಾರ ಬಾಯಿಮಾತೂ ಅಲ್ಲಿ ನಡೆಯುತ್ತಿರಲಿಲ್ಲ. ಇದು ಲೈನಿನ ಮಕ್ಕಳಿಗೆಲ್ಲ ಅಆಇಈ ಕಲಿಯುವ ಮೊದಲೇ ಗೊತ್ತಿತ್ತು. ನನಗೂ ಗೊತ್ತಿತ್ತು ಅನ್ನುವುದನ್ನು ನೀವು ನೆನಪಿನಲ್ಲಿಡಬೇಕು.

ನನಗೆ ಎಂಟು ವರ್ಷವಾಗಿದ್ದಾಗ ಪಕ್ಕದ ಮನೆಯ ಮಾಮ ಒಂದು ಹಳೇ ವ್ಯಾನು ತಂದ. ಅವನ ಮನೆಮಾತು ತಮಿಳು, ನಮ್ಮೊಂದಿಗೆ ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದ. ಅಪ್ಪ, ಅಕ್ಕ, ನಾನು, ಮಾಮ ನಾಲ್ವರೂ ಒಂದು ದಿನದ ಮಟ್ಟಿಗೆ ಬೂದಿಕೋಟೆಯ ಕೋಟೆ ನೋಡಿಕೊಂಡು, ಕಾಮಸಮುದ್ರದ ಮೇಲೆ ಆಂಧ್ರದ ಗಡಿ ದಾಟಿ, ಕೈಗಲ್ ಜಲಪಾತಕ್ಕೆ ಹೋಗಿ ಬರುವುದೆಂದು ಮಾತಾಯಿತು. ತಮ್ಮ ಕೈಗೂಸು, ಅವನಿಗೆ ಕೆಮ್ಮು ಬೇರೆ, ಆದ್ದರಿಂದ ಅಮ್ಮ ಬರಲಿಲ್ಲ. ಅಪ್ಪನಿಗೆ ಹಿಂದಿನ ರಾತ್ರಿ ಪಾಳಿ ಇತ್ತು. ಪಾಳಿಗೆ ಹೊರಡುವಾಗ ಅಮ್ಮನಿಗೆ ಕೇಳುವಂತೆ ಮಾಮನಿಗೆ ಹೇಳಿದ್ದ, “ಗೇಟ್ ಅತ್ರ ಕಾಯ್ರಿ. ನಾನು ಒತ್ತಿಗೆ ಬರ್ಲಿಲ್ಲಾಂದ್ರೆ ಕೆಲ್ಸ ಜಾಸ್ತಿ ಐತೆ ಅಂದ್ಕೊಂಡು ಮಕ್ಳನ್ನ ಕರ್ಕೊಂಡು ಓಗ್ಬಿಡು.”

ಬೆಳಿಗ್ಗೆ ವ್ಯಾನು ಗಣಿಯ ಗೇಟಿನ ಮುಂದೆ ಗುರುಗುಟ್ಟುತ್ತಾ ನಿಂತಿತ್ತು. ಅಕ್ಕನ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ, ಅಪ್ಪನ ಒಗೆದ ಅಂಗಿ. ಅಪ್ಪ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು ಹೊರಗೆ ಬಂದ. ಕೈಯಲ್ಲಿ ಬಿಲ್ಲೆ ಇತ್ತು, ಆ ಕೋಣೆಯ ಕಡೆಗೇ ತಿರುಗಿದ್ದ. ನಾನು ಓಡಿಹೋಗಿ ಅವನ ಕೈ ಹಿಡಿದು ಜಗ್ಗಿದೆ. “ಬೇಗ ಬಾಪ್ಪ, ಮಾಮ ಬಿಟ್ಬಿಟ್ಟು ಓಯ್ತಾನೆ!” ಅಪ್ಪ ನಕ್ಕು, ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ನನ್ನನ್ನು ಎತ್ತಿಕೊಂಡ. ಮಾಮ ಹಾರ್ನ್ ಬಾರಿಸಿದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಅಪ್ಪ ನೇರವಾಗಿ ವ್ಯಾನು ಹತ್ತಿ, ಅಂಗಿ ಬದಲಿಸಿ, ಬಂಗಾರಪೇಟೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.

ಬೂದಿಕೋಟೆಯಲ್ಲಿ ಅಪ್ಪ, ಅಕ್ಕ, ಮಾಮ ಕೋಟೆಯ ಬಂಡೆ ಹತ್ತಿದರು. ಒಬ್ಬ ದೊಡ್ಡ ನವಾಬ ಹುಟ್ಟಿದ ಊರಂತೆ ಅದು. ನನಗೆ ಚಪ್ಪಲಿ ಕಚ್ಚಿ ಬೊಬ್ಬೆ ಬಂದಿತ್ತು, ವ್ಯಾನಿನಲ್ಲೇ ಉಳಿದೆ. ಅಪ್ಪ ಬಿಚ್ಚಿಟ್ಟ ಅಂಗಿಯನ್ನು ಸುತ್ತಿ ತಲೆಗಿಟ್ಟುಕೊಂಡು ಒರಗಿದೆ. ಬೆವರು, ಸಿಡಿಮದ್ದಿನ ಹೊಗೆ, ಒದ್ದೆ ಕಲ್ಲಿನ ವಾಸನೆ. ಕಿವಿಗೆ ಏನೋ ಗಟ್ಟಿಯಾಗಿ ಒತ್ತಿತು. ಜೇಬಿಗೆ ಕೈ ಹಾಕಿದೆ. ಬಿಲ್ಲೆ!

ಎದ್ದು ಕೂತೆ. ಅಪ್ಪನ ಮೊಳೆ ಖಾಲಿ. ಹೇಳಲೇಬೇಕಾದ ಮಾತು ಅದು. ಆದರೆ ಹೇಳಿದರೆ ವ್ಯಾನು ತಿರುಗುತ್ತದೆ. ನಾನು ಹುಟ್ಟಿದ ಮೇಲೆ ಒಂದೂ ಜಲಪಾತ ನೋಡಿರಲಿಲ್ಲ, ತಿಂಗಳಿಂದ ಅದನ್ನೇ ಕನವರಿಸಿದ್ದೆ. ಮೇಲಾಗಿ, ಕೈ ಜಗ್ಗಿದವನು ನಾನೇ. ಸಂಜೆ ಹೋಗಿ ಹಾಕಿದರಾಯಿತು ಎಂದುಕೊಂಡು ಬಿಲ್ಲೆಯನ್ನು ನನ್ನ ಚಡ್ಡಿಯ ಜೇಬಿಗೆ ಇಳಿಸಿದೆ. ಅಪ್ಪ ಬಂಡೆ ಇಳಿದು ಬಂದಾಗ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ.

ಅಲ್ಲಿಂದ ಮುಂದೆ ನನ್ನ ಪಾಲಿಗೆ ಪ್ರವಾಸವೇ ಇರಲಿಲ್ಲ. ವ್ಯಾನು ಹಳ್ಳಕ್ಕೆ ಬಿದ್ದಾಗಲೆಲ್ಲ ಬಿಲ್ಲೆ ತೊಡೆಗೆ ಬಡಿಯುತ್ತಿತ್ತು. ಕಾಮಸಮುದ್ರದಲ್ಲಿ ಟೀ ಕುಡಿಯಲು ನಿಲ್ಲಿಸಿದರು. ಈಗ ಹೇಳುತ್ತೇನೆ ಎಂದು ಬಾಯಿ ತೆರೆದೆ, ಆದರೆ ಜಲಪಾತ ಇನ್ನೂ ಎಷ್ಟು ದೂರ ಎಂದು ಕೇಳಿದೆ. ಅಕ್ಕ ಬನ್ನು ಕೊಟ್ಟಳು. ಅದನ್ನು ಟೀ ಅಂಗಡಿಯ ನಾಯಿಗೆ ಹಾಕಿದೆ. ಹೊರಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಎಳೆ ಬಿಸಿಲು, ಎಲ್ಲ ಚೆನ್ನಾಗಿಯೇ ಇದ್ದಿರಬೇಕು.

ಜಲಪಾತ ಕಾಣುವುದಕ್ಕೆ ಮೊದಲೇ ಅದರ ಸದ್ದು ಕೇಳಿಸಿತು. ಮಳೆಗಾಲ ಆಗಷ್ಟೇ ಮುಗಿದು ನೀರು ಕೆಂಪಗೆ ತುಂಬಿ ಧುಮುಕುತ್ತಿತ್ತು. ಸೀಬೆಹಣ್ಣು ಮಾರುತ್ತಿದ್ದ ಮುದುಕಿ ತೆಲುಗಿನಲ್ಲಿ “ಜಾಗ್ರತ್ತ ಬಾಬೂ, ನೀಳ್ಳು ಎಕ್ಕುವ” ಎಂದು ಕೂಗಿ, ನೀರು ಜಾಸ್ತಿಯಿದೆ ಹುಷಾರು ಎಂದು ಎಚ್ಚರಿಸಿದಳು. ಅಪ್ಪ ದಡದ ಸಣ್ಣ ಧಾರೆಗೆ ತಲೆಯೊಡ್ಡಿ ಮಗುವಿನಂತೆ ಕೇಕೆ ಹಾಕಿದ. ಅವನು ಹಗಲು ಬೆಳಕಿನಲ್ಲಿ ಅಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನು ಬರಿಗಾಲಲ್ಲಿ ಬಂಡೆಯ ಮೇಲೆ ನಿಂತೆ. ಅಂಗಾಲಿನ ಕೆಳಗೆ ಬಂಡೆ ಗುಂಯ್ ಎಂದು ಅದುರುತ್ತಿತ್ತು.

ನೀರು ಬಿದ್ದರೆ ಬಂಡೆ ಅದುರುತ್ತದೆ ಎಂದು ಊರಿಗಾಂನ ಹುಡುಗನಿಗೆ ಹೇಗೆ ಗೊತ್ತಾಗಬೇಕು? ನೆಲ ಅದುರಿದರೆ ನಮಗೆ ಒಂದೇ ಅರ್ಥ. ಕಣ್ಣ ಮುಂದೆ ಮನೆಯ ಪಾತ್ರೆಗಳು ಬಂದವು, ಓಡುವ ಅಮ್ಮ ಬಂದಳು, ಖಾಲಿ ಮೊಳೆ ಬಂತು. ಕಿಟಾರನೆ ಕಿರುಚಿದೆ. ಅಪ್ಪ ಓಡಿಬಂದ. ಹಾವು ಕಚ್ಚಿತೆಂದುಕೊಂಡು ಕಾಲು ಹಿಡಿದು ನೋಡತೊಡಗಿದ. ನಾನು ಬಿಲ್ಲೆ ತೆಗೆದು ಅವನ ಅಂಗೈಯಲ್ಲಿಟ್ಟೆ.

ಅಪ್ಪನ ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ನಗು ಹೋಗಿತ್ತು. “ಇದು ಯಾವಾಗ್ನಿಂದ ನಿನ್ ಅತ್ರ ಐತ್ಲಾ?”

“ಬೂದಿಕೋಟೆಯಿಂದ” ಎಂದೆ.

ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿಲ್ಲ. ಒದ್ದೆ ಬಟ್ಟೆಯಲ್ಲೇ ವ್ಯಾನಿನ ಕಡೆಗೆ ಓಡಿದ. ಮಾಮ “ಅಯ್ಯೋ ಕಡವುಳೇ, ಅಲ್ಲಿ ತೇಡ್ತಾ, ಉಡುಕ್ತಾ ಇರ್ತಾರಣ್ಣ ನಿನ್ನ! ಬಾ, ವಂಡಿ ತೆಗೀತೀನಿ” ಎಂದ. ಪುಳಿಯೋಗರೆಯ ಡಬ್ಬಿಯ ಮುಚ್ಚಳ ಯಾರೂ ತೆಗೆಯಲಿಲ್ಲ. ಅಕ್ಕ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು.

ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಪಕ್ಕದಲ್ಲಿ ಹಾಲಿನ ಕ್ಯಾನಿನ ಸೈಕಲ್ ಹಿಡಿದು ನಿಂತವನು ಇನ್ನೊಬ್ಬನಿಗೆ ಹೇಳುತ್ತಿದ್ದ, “ಬೆಳಿಗ್ಗೆ ಊರಿಗಾಂನಾಗೆ ಬಂಡೆ ಸಿಡೀತಂತೆ ಕಣಣ್ಣ. ಎಲ್ರೂ ಮೇಲೆ ಬಂದವ್ರೆ, ಒಬ್ಬ ಮಾತ್ರ ಸಿಕ್ಕಿಲ್ವಂತೆ. ಅವನ್ನ ಉಡುಕೋಕೆ ಮಧ್ಯಾಹ್ನ ನಾಲ್ಕು ಜನ ಇಳಿದವ್ರೆ.”

ಅಪ್ಪ ಕಿಟಕಿಯ ಸರಳು ಹಿಡಿದುಕೊಂಡ. “ಆ ಒಬ್ಬ ನಾನೇ” ಎಂದ, ಯಾರಿಗೆ ಹೇಳಿದನೋ.

ಒಮ್ಮೆ ಸಿಡಿದ ಬಂಡೆ ಮತ್ತೆ ಸಿಡಿಯುವುದು ಹೆಚ್ಚು. ಅದು ನನಗೂ ಗೊತ್ತಿತ್ತು. ನಾನು ಜಲಪಾತ ನೋಡಬೇಕೆಂದು ನಾಲ್ಕು ಜನ ಅಂಥ ಜಾಗಕ್ಕೆ ಇಳಿದಿದ್ದಾರೆ, ಅಲ್ಲಿ ಇಲ್ಲದ ಮನುಷ್ಯನನ್ನು ಹುಡುಕಲು. ಆವತ್ತಿನಷ್ಟು ಭಯ ನನಗೆ ಜೀವಮಾನದಲ್ಲಿ ಮತ್ತೆ ಆಗಿಲ್ಲ.

ಗಣಿಯ ಗೇಟಿನಲ್ಲಿ ಜನವೋ ಜನ. ಅಪ್ಪ ಕೆಲಸ ಜಾಸ್ತಿಯಾಗಿ ಒಳಗೇ ಉಳಿದನೆಂದು ನಂಬಿದ್ದ ಅಮ್ಮ ತಮ್ಮನನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಅಪ್ಪ ಎದುರಿಗೆ ನಿಂತರೂ ಅವಳು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಅವನ ತೋಳು ಮುಟ್ಟಿ ಮುಟ್ಟಿ ನೋಡಿ ಅತ್ತಳು. ಅಪ್ಪ ಕೋಣೆಗೆ ಓಡಿ ಬಿಲ್ಲೆಯನ್ನು ಮೊಳೆಗೆ ಹಾಕಿದ. ಕೆಳಗಿನವರನ್ನು ಕರೆಯಲು ಗಂಟೆ ಬಾರಿಸಿದರು.

ಕೆಳಗಿನಿಂದ ಉತ್ತರವಿಲ್ಲ. ಹಾಗೆ ಕಾಯುತ್ತಿರುವಾಗಲೇ ಕಾಲಡಿಯ ನೆಲ ಧಡ್ ಎಂದಿತು. ಈ ಸಲ ಅದು ನೀರಲ್ಲ. ಕೋಣೆಯೊಳಗೆ ನೂರಾರು ಬಿಲ್ಲೆಗಳು ಒಟ್ಟಿಗೆ ಗಲಗಲ ಎಂದವು. ಒಬ್ಬಳು ಹೆಂಗಸು ಸಣ್ಣಗೆ ದೇವರ ಹೆಸರು ಹೇಳುತ್ತಿದ್ದಳು. ಅವಳ ಗಂಡ ಕೆಳಗಿದ್ದ. ನಾನು ಅಕ್ಕನ ಲಂಗದಲ್ಲಿ ಮುಖ ಮುಚ್ಚಿಕೊಂಡೆ.

ಎಷ್ಟು ಹೊತ್ತಾಯಿತೋ, ಕೆಳಗಿನಿಂದ ಗಂಟೆಯ ಸದ್ದು ಬಂತು. ಗಣಿಯ ಬಾಯಿಯ ಮೇಲೆ ಹಗ್ಗ ಎಳೆಯುವ ದೊಡ್ಡ ಚಕ್ರ ತಿರುಗತೊಡಗಿತು. ಪಂಜರದಂಥ ಲಿಫ್ಟು ಮೇಲೆ ಬಂದು ನಿಂತಿತು. ನಾನು ಎಣಿಸಿದೆ. ಒಂದು. ಎರಡು. ಮೂರು. ಆಮೇಲೆ ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಮುದುಕ, ತಲೆಗೆ ಕಟ್ಟಿದ ಟವೆಲಿನಲ್ಲಿ ರಕ್ತ, ಗೋಡೆ ಹಿಡಿದುಕೊಂಡು ಹೊರಗೆ ಬಂದ. ನಾಲ್ಕು.

ಮುದುಕ ಅಪ್ಪನನ್ನು ಕಂಡು ಕಣ್ಣು ಕಿರಿದು ಮಾಡಿದ. “ಇಲ್ಲೇ ಇದ್ದೀಯೇನ್ಲಾ ಮಗನೇ? ಒಳಗೆಲ್ಲಾ ನಿನ್ ಎಸ್ರು ಕೂಗಿ ಕೂಗಿ ನನ್ ಗಂಟ್ಲೇ ಒಡ್ದೋಯ್ತು ಕಣ್ಲಾ” ಎಂದು ಅಪ್ಪನ ಹೆಗಲ ಮೇಲೆ ತಲೆಯಿಟ್ಟ. ಗಣಿಯ ಸಾಹೇಬರು ಬಂದು ಎಲ್ಲರೆದುರು ಅಪ್ಪನಿಗೆ ಉಗಿದರು. ಅಪ್ಪ ತಲೆ ತಗ್ಗಿಸಿ “ನಂದೇ ತಪ್ಪು ಸ್ವಾಮಿ, ಜೇಬಿನಾಗಿಟ್ಕೊಂಡು ಮರ್ತೆ” ಎಂದ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಆ ಚಕ್ರ ತಿರುಗುವುದಿಲ್ಲ. ಗಣಿ ಮುಚ್ಚಿದೆ, ಪಾತ್ರೆಗಳು ಸುಮ್ಮನಿವೆ. ನೀವು ನಾಲ್ವರು ಮೊಮ್ಮಕ್ಕಳು ಕಳೆದ ಭಾನುವಾರ ಕಾರಿನಲ್ಲಿ ಅದೇ ದಾರಿಯಲ್ಲಿ ಅದೇ ಜಲಪಾತಕ್ಕೆ ಹೋದಿರಿ. ನಾವು ಅರ್ಧ ದಿನ ಕುಲುಕಾಡಿದ ದಾರಿ ನಿಮಗೆ ಎರಡು ಹಾಡಿನಷ್ಟು. ನೀವು ಎಲ್ಲಿದ್ದೀರೆಂದು ನಿಮ್ಮಮ್ಮನ ಫೋನಿನಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತಿತ್ತು. ಕಾಮಸಮುದ್ರ ದಾಟಿದ ಮೇಲೆ ಚುಕ್ಕೆ ಮಾಯವಾಯಿತು. ಸಂಜೆ ಬಂದು “ಅಮ್ಮ ವಾಪಸ್ ಬನ್ನಿ ಅಂತಾಳೆ ಅಂತ ನಾವೇ ಆಫ್ ಮಾಡಿದ್ವಿ ತಾತ” ಅಂದಿರಿ. ನಿಮ್ಮಮ್ಮ ಬೈದಳು. ತಾತ ಯಾಕೆ ಬೈಯಲಿಲ್ಲ ಎಂದು ನಿಮಗೆ ಆಶ್ಚರ್ಯವಾಯಿತಲ್ಲ, ಬೈಯಲು ನನಗೆ ಮುಖವಿರಲಿಲ್ಲ. ಬಿಲ್ಲೆ ಬಚ್ಚಿಟ್ಟವನು ನಾನು ಎಂಬುದನ್ನು ಅಪ್ಪ ಸಾಯುವವರೆಗೂ ಯಾರಿಗೂ ಹೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಇವತ್ತು ನಾನೇ ಹೇಳಿದ್ದೇನೆ.

ಅವತ್ತು ನೀವು ಕಾರಿನಿಂದ ಇಳಿದು ಬರುವಾಗ ನಾನು ಬಾಗಿಲಲ್ಲಿ ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ತಾತನಿಗೆ ಅರಳುಮರಳು ಎಂದು ನೀವು ನಕ್ಕಿರಿ. ಕಾರಿನಲ್ಲಿ ಚಪ್ಪಲಿ ಹುಡುಕುತ್ತಾ ಹಿಂದೆ ಉಳಿದಿದ್ದ ನಾಲ್ಕನೆಯವಳೂ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ನಾನೂ ನಕ್ಕೆ.