ಎರಡು ಎಮ್ಮೆ ಇರೋ ಮನೇಲಿ ಹಾಲಿಲ್ಲದ ಕಾಫಿ

ಸಿಟ್ಟು ಇಳಿಯೋದ್ರೊಳಗೆ ಬರೆದುಬಿಡ್ತೀನಿ ಗೆಳೆಯರೇ, ಬಸ್ಸಿಳಿದವಳು ನೆಟ್ಟಗೆ ಬ್ರೌಸಿಂಗ್ ಸೆಂಟರಿಗೇ ಬಂದಿದೀನಿ.

ಇವತ್ತು ಜವನಗೊಂಡನಹಳ್ಳಿಯ ಸೋದರತ್ತೆ ಮನೆಗೆ ಹೋಗಿದ್ದೆ. "ಅತ್ತೆ, ನನ್ನ ಕಾಫಿಗೆ ಹಾಲು ಹಾಕ್ಬೇಡ್ರಿ" ಅಂದೆ. ಹೊಟ್ಟೆಗೆ ಆಗಲ್ಲ ಅಂತ ಡಾಕ್ಟರ್ ಹಾಲು ಬಿಡಿಸಿದಾರೆ. ಮೊದಮೊದಲು ಕಪ್ಪು ಕಾಫೀನ ಮೂಗು ಹಿಡ್ಕೊಂಡು ಕುಡೀತಿದ್ದವಳಿಗೆ ಈಗ ಆ ಕಹೀನೇ ರುಚಿ.

ಅತ್ತೆ ಸಿಡಿದರು. "ಏನವ್ವ, ಎರಡು ಎಮ್ಮೆ ಕಟ್ಟಿರೋ ಮನೇಲಿ ಹಾಲಿಲ್ಲದ ಕಾಪಿ ಕೇಳ್ತೀಯಲ್ಲ, ಇದೇನು ಸಾವಾಗಿರೋ ಮನೆಯಾ? ನೋಡಿದೋರು ಏನಂತಾರೆ?"

ಮಾವ ಜಗಲಿಯಿಂದಲೇ ಕೂಗಿದರು. "ಹಾಕೇ, ಕೆನೆ ಸಮೇತ ಹಾಕು! ಒಂದಿನ ಕುಡಿದ್ರೆ ಏನೂ ಆಗಲ್ಲ."

ಹೊಟ್ಟೆ ನಂದು, ಮರ್ಯಾದೆ ಅವರದು! ಕೆನೆ ತೇಲೋ ಲೋಟ ಕೈಗೆ ಬಂತು.

ವಾಪಸ್ ಕೊಡೋಣ ಅಂತ ಅಡಿಗೆಮನೆಗೆ ಹೋದರೆ, ಅತ್ತೆಯ ಸೊಸೆ ಒಲೆ ಮುಂದೆ ಕುಂತು ಕಾಫಿ ಕುಡೀತಿದ್ದಳು. ಕಡುಕಪ್ಪು, ಒಂದು ಹನಿ ಹಾಲಿಲ್ಲ.

"ನೀನೂ ಹಾಲು ಬಿಟ್ಟಿದೀಯೇನೆ?"

"ಇಲ್ಲಕ್ಕ. ಡೇರಿಗೆ ಹಾಕಿ, ಎಲ್ಲರಿಗೂ ಆದ್ಮೇಲೆ ಉಳಿಯಲ್ಲ" ಅಂದಳು ಮೆಲ್ಲಗೆ.

ನಾನು ಮೆಲ್ಲಗೆ ಕೇಳಲಿಲ್ಲ. "ಅತ್ತೆ, ಇವಳು ಕುಡಿಯೋದನ್ನ ನೋಡಿದೋರು ಏನೂ ಅನ್ನಲ್ವೇನ್ರಿ?"

"ಅವಳಿಗೆ ಅಭ್ಯಾಸ ಆಗೈತೆ ಬಿಡು" ಅಂದರು.

ನನ್ನ ಲೋಟ ಅವಳ ಕೈಗಿಟ್ಟೆ. ಅವಳದನ್ನ ಕಿತ್ಕೊಂಡು ಹೋಗಿ ಜಗಲಿ ಮೇಲೆ, ಇಡೀ ಬೀದಿಗೆ ಕಾಣೋ ಹಾಗೆ ಕೂತು ಕುಡಿದೆ.

ಹಾಲಿಲ್ಲದ ಕಾಫಿ ಕುಡಿಯೋದನ್ನ ನನಗೆ ಡಾಕ್ಟರ್ ಕಲಿಸಿದರು. ಅವಳಿಗೆ ಮದುವೆ ಕಲಿಸಿತು.